ಮೇಲಿನ ಸಾಲು ಯಾವ ಕಣ್ಣಿನದು

ಪಕ್ಕದ ದೇಶದವರು ನಮ್ಮೂರಿನ ನಲವತ್ತು ಮಂದಿಯ ಕಣ್ಣು ಕೆಡಿಸಲು ಹೊಂಚು ಹಾಕಿದ್ದಾರೆ ಎಂಬ ಮಾತು ಕಿವಿಗೆ ಬಿದ್ದ ದಿನ, ಓದುಗರೇ, ನೀವು ಯಾರನ್ನು ವಿಚಾರಿಸಿ ಅದನ್ನು ನಂಬಿದಿರಿ? ಆ ನಲವತ್ತರಲ್ಲಿ ಒಬ್ಬರನ್ನಾದರೂ ಕಂಡು ಮಾತಾಡಿಸಿದಿರಾ? ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದಿರಾ? ಇಲ್ಲ. ಎತ್ತು ಕರು ಹಾಕಿತು ಎಂದರು. ನೀವು ಹಗ್ಗ ಹಿಡಿದು ಕೊಟ್ಟಿಗೆಗೆ ಓಡಿದಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮೂವತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಅದನ್ನು ನೋಡಿ ಅಂದವಾಗಿ ನಕಲು ಮಾಡಿಕೊಂಡವರೇ ಇಂದು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, "ಅವ್ರು ಯಾವತ್ತಿದ್ರೂ ಹಾಗೇ ಬಿಡಿ ಸಾರ್" ಎನ್ನುವಾಗ ಸಿಟ್ಟು ಬರದೆ ಇರುತ್ತದೆಯೇ? ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಗು ಬಂದರೆ ನಗಿ, ಅಡ್ಡಿಯಿಲ್ಲ. ನಾನೂ ನಕ್ಕಿದ್ದೇನೆ.

ನಮ್ಮೂರು ಕನ್ನಡಕದ ಚೌಕಟ್ಟು ಮಾಡುವ ಊರು. ಗಡಿಯಾಚೆ, ಗುಡ್ಡದ ಬೆನ್ನಿಗಿರುವುದು ಗಾಜು ಉಜ್ಜುವ ಊರು. ಒಂದು ಕಾಲದಲ್ಲಿ ಚೌಕಟ್ಟು ಬೆಳಿಗ್ಗೆ ಇಲ್ಲಿಂದ ಹೊರಟು, ಅಲ್ಲಿ ಗಾಜು ತುಂಬಿಸಿಕೊಂಡು, ಸಂಜೆಯ ಹೊತ್ತಿಗೆ ಯಾರದೋ ಮೂಗಿನ ಮೇಲೆ ಬಂದು ಕೂರುತ್ತಿತ್ತು. ಎರಡು ಸರ್ಕಾರಗಳು ಮುಖ ತಿರುಗಿಸಿಕೊಂಡು ಹತ್ತೊಂಬತ್ತು ವರ್ಷಗಳಾದವು. ಅಂದಿನಿಂದ ನಮ್ಮ ಚೌಕಟ್ಟುಗಳು ಅಟ್ಟದ ಮೇಲೆ ಕಣ್ಣಿಲ್ಲದೆ ಬಿದ್ದಿವೆ, ಅವರ ಗಾಜುಗಳು ಕಪಾಟಿನಲ್ಲಿ ಮೂಗಿಲ್ಲದೆ ಕುಳಿತಿವೆ. ಎರಡೂ ಊರಿನವರು ಸಮುದ್ರದಾಚೆಯ ಮೂರನೆಯ ದೇಶದಿಂದ ಸಿದ್ಧ ಕನ್ನಡಕ ತರಿಸಿ, ದುಬಾರಿಯೆಂದು ಗೊಣಗಿಕೊಂಡು ಹಾಕಿಕೊಳ್ಳುತ್ತೇವೆ. ಇದನ್ನು ದೇಶಾಭಿಮಾನವೆಂದು ಕರೆಯುವವರಿದ್ದಾರೆ. ನಾನು ಇದನ್ನು ದಡ್ಡತನವೆಂದು ಕರೆಯುತ್ತೇನೆ. ನನಗೆ ವಯಸ್ಸಾಗಿದೆ, ಹೆದರಿಕೆಯಿಲ್ಲ.

ಗಡಿಯ ಗೇಟು ತಿಂಗಳಿಗೊಮ್ಮೆ ತೆರೆಯುವುದು ಔಷಧದ ವ್ಯಾನಿಗೆ ಮಾತ್ರ. ಕಳೆದ ವರ್ಷ ಆ ವ್ಯಾನಿನ ಚಾಲಕ ಒಂದು ಪತ್ರ ತಂದುಕೊಟ್ಟ. ಆಚೆಯ ಊರಿನ ಗಾಜಿನ ಕಾರ್ಖಾನೆಯ ಮುಖ್ಯಸ್ಥೆ ಬರೆದದ್ದು. ಆಕೆಯನ್ನು ಅಲ್ಲಿಯವರೆಲ್ಲ ಗಾಜಮ್ಮ ಎನ್ನುತ್ತಾರಂತೆ, ನಾವೂ ಹಾಗೆಯೇ ಅನ್ನುತ್ತೇವೆ. "ನಿಮ್ಮಲ್ಲಿ ಕಣ್ಣು ಮಂಜಾದವರ ನಂಬರು ಬರೆದು ಚೌಕಟ್ಟು ಕಳಿಸಿ. ನಾವು ಗಾಜು ಹಾಕಿ ಕಳಿಸುತ್ತೇವೆ. ಸರ್ಕಾರಗಳು ಮಾತಾಡುವ ತನಕ ಕಾದರೆ ನಾವೂ ನೀವೂ ಕುರುಡರಾಗಿರುತ್ತೇವೆ." ಇಷ್ಟೇ. ನಾನು ಓದಿದ ರಾಜನೀತಿಯ ಗ್ರಂಥಗಳಲ್ಲಿ ಇಷ್ಟು ನೇರವಾದ ಮಾತು ಸಿಕ್ಕಿರಲಿಲ್ಲ.

ನಾವು ಒಂದು ಕೂಟ ಕಟ್ಟಿದೆವು. ಹೆಸರಿಡಲು ಮೂರು ಸಭೆ ಹಿಡಿಯಿತು, ಕೊನೆಗೂ ಇಡಲಿಲ್ಲ. ನಾನು ಕಾರ್ಯದರ್ಶಿ. ಕಣ್ಣು ಪರೀಕ್ಷಿಸುವ ಹೊಣೆ ಕನ್ನಡಕದಣ್ಣನದು. ಅವನ ಅಂಗಡಿಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ: ಒಂದರ ಮೇಲೆ ಕೆಳಕೆಳಗೆ ಕಿರಿದಾಗುವ ಅಕ್ಷರಗಳ ಹಲಗೆ, ಇನ್ನೊಂದರ ಮೇಲೆ ಅವನಪ್ಪನ ಭಾವಚಿತ್ರ, ನಡುವೆ ಗಿರಕಿ ಹೊಡೆಯುವ ಒಂದು ಸ್ಟೂಲು, ಮಖಮಲ್ಲಿನ ಗುಳಿಗಳಲ್ಲಿ ಪರೀಕ್ಷೆಯ ಗಾಜುಗಳನ್ನು ಮಲಗಿಸಿಟ್ಟ ಪೆಟ್ಟಿಗೆ. ಅವನ ಕಿವಿಯ ಮೇಲೆ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್. ಹದಿನೈದು ದಿನ ಕುಳಿತು ನಲವತ್ತು ಮಂದಿಯ ನಂಬರು ತೆಗೆದು ನಲವತ್ತು ಕಾರ್ಡು ಬರೆದ. ಪ್ರತಿ ಕಾರ್ಡಿನಲ್ಲಿ ಎರಡು ಸಾಲು, ಒಂದೊಂದು ಕಣ್ಣಿಗೆ ಒಂದೊಂದು.

"ಇದ್ರಲ್ಲಿ ಎಡ ಯಾವ್ದು, ಬಲ ಯಾವ್ದು?" ಎಂದು ನಾನು ಕೇಳಿದೆ. ಬೋಧಕನ ಬಾಯಿ, ಸುಮ್ಮನಿರುವುದಿಲ್ಲ.

ಅವನು ನನ್ನನ್ನು ಕರುಣೆಯಿಂದ ನೋಡಿದ. "ಮೇಷ್ಟ್ರೇ, ಅದನ್ನ ಬರೆದ್ರೆ ಗಾಜಮ್ಮ ನಕ್ಕುಬಿಡ್ತಾರೆ. ಕಸುಬಿನೋರು ಯಾರಾದ್ರೂ ಅದನ್ನ ಬರೀತಾರಾ? ಅಡುಗೆಯೋರಿಗೆ ಉಪ್ಪಿನ ಡಬ್ಬಿ ಮೇಲೆ ಚೀಟಿ ಅಂಟಿಸಿದ ಹಾಗೆ. ನಮ್ಮ ಕಡೆ ಮೇಲಿನ ಸಾಲು ಬಲಗಣ್ಣು. ಅವ್ರ ಕಡೆ ಮೇಲಿನ ಸಾಲು ಎಡಗಣ್ಣು. ಅವ್ರಿಗೆ ತೊಂದ್ರೆ ಆಗ್ಬಾರ್ದು ಅಂತ ನಾನು ಅವ್ರ ಪದ್ಧತಿಲೇ ಬರೆದಿದ್ದೀನಿ."

ಎಂಥ ಸೌಜನ್ಯವೆಂದು ನಾನು ಮೆಚ್ಚಿದೆ. ಆ ಮೆಚ್ಚುಗೆಯನ್ನು ಇಂದು ಹಿಂದಕ್ಕೆ ಪಡೆಯುವುದಿಲ್ಲ. ಆದರೆ ಅದಕ್ಕೊಂದು ತಿದ್ದುಪಡಿ ಮುಂದೆ ಬರುತ್ತದೆ.

ಚೌಕಟ್ಟುಗಳನ್ನು ಔಷಧದ ವ್ಯಾನಿಗೆ ಹತ್ತಿಸಲು ಏಳು ಅರ್ಜಿ ಬರೆದೆ. ಕನ್ನಡಕ ಔಷಧವಲ್ಲವೆಂದು ಆರು ವಾಪಸು ಬಂದವು. ಏಳನೆಯದನ್ನು ಹಿಡಿದು ಗಡಿ ಕಚೇರಿಗೇ ಹೋದಾಗ ಅಧಿಕಾರಿ ಎದ್ದು ನಿಂತು, "ಸಾರ್, ಆರನೇ ಕ್ಲಾಸಲ್ಲಿ ಒಂದು ವಾಕ್ಯ ಸರಿಯಾಗೋ ತನಕ ಏಳು ಸಲ ಬರೆಸ್ತಿದ್ರಿ. ಈಗ ನನ್ನ ಕೈಲಿ ಏಳು ಸಲ ಓದಿಸ್ತಿದ್ದೀರಿ. ಕೊಡಿ ಇಲ್ಲಿ" ಎಂದು ಮೊಹರು ಒತ್ತಿದ. ಆಮೇಲೆ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದ: "ಒಂದು ಸಣ್ಣ ಗಲಾಟೆ ಆದ್ರೂ ಈ ವ್ಯಾನಿಗೂ ಗೇಟು ಮುಚ್ತಾರೆ ಸಾರ್. ಹುಷಾರು."

ಆ ಕನ್ನಡಕಗಳಿಗಾಗಿ ಎಲ್ಲರಿಗಿಂತ ಹೆಚ್ಚು ಕಾತರದಿಂದ ಕಾದವಳು ನನ್ನ ತಂಗಿ. ಅವಳು ಊರಿನ ಸಂಜೆಪತ್ರಿಕೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಕರಡು ತಿದ್ದುವವಳು. ಮೂರು ತಿಂಗಳ ಹಿಂದೆ ಗಣ್ಯರೊಬ್ಬರು ತೀರಿಕೊಂಡಾಗ ಅಪಾರ ಜನ "ಸಂತೋಷ ಸೂಚಿಸಿದರು" ಎಂದು ಅಚ್ಚಾಯಿತು. ಮರುವಾರ ಇನ್ನೊಂದು, ಅದರ ಮರುವಾರ ಮತ್ತೊಂದು. ತಪ್ಪು ಅವಳ ಕಣ್ಣಿನದು. ಹಳೆಯ ಕನ್ನಡಕ ಹದಿಮೂರು ವರ್ಷದ್ದು. ಸಂಪಾದಕರು ಕರೆದು, "ಹೊಸ ಕನ್ನಡಕ ಬರೋ ತನಕ ಕಾಯ್ತೀನಿ. ಬಂದ್ಮೇಲೂ ಒಂದು ತಪ್ಪು ಜಾರಿದ್ರೆ ನೀವೂ ಬೇಡ, ನಿಮ್ಮ ಕನ್ನಡಕವೂ ಬೇಡ" ಎಂದಿದ್ದರು. ಅವಳ ಗಂಡನಿಗೆ ಬೆನ್ನುನೋವು, ಮನೆಯಲ್ಲೇ ಇರುತ್ತಾನೆ. ಇಬ್ಬರು ಹೆಣ್ಣುಮಕ್ಕಳ ಕಾಲೇಜು ನಿಂತಿರುವುದು ಅವಳ ಕೆಂಪು ಪೆನ್ನಿನ ಮೇಲೆ.

ಮರುತಿಂಗಳು ವ್ಯಾನು ಮತ್ತೆ ಬಂತು. ನಲವತ್ತು ಕನ್ನಡಕಗಳು, ಒಂದೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ಮಡಚುವ ಹಾಗೆ ತಿರುಪು ಬಿಗಿದು ಕಳಿಸಿದ್ದರು. ನಾವು ಹಂಚಿದೆವು, ಕೈ ತಟ್ಟಿದೆವು. ನಾನು ಹತ್ತು ನಿಮಿಷದ ಭಾಷಣವನ್ನು ಇಪ್ಪತ್ತೈದು ನಿಮಿಷ ಮಾಡಿದೆ.

ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ನಂಬರಿದ್ದ ಇಪ್ಪತ್ತೊಂಬತ್ತು ಮಂದಿ ಸುಖವಾಗಿದ್ದರು. ಉಳಿದ ಹನ್ನೊಂದು ಮಂದಿಗೆ ಮರುದಿನದಿಂದಲೇ ಲೋಕ ಓಲಾಡತೊಡಗಿತು. ದರ್ಜಿಯವನು ಒಂದೇ ತೋಳಿಗೆ ಎರಡು ಸಲ ಗುಂಡಿ ಹೊಲಿದ. ನಿವೃತ್ತ ಕಂಡಕ್ಟರು ಅಂಗಳದ ಕಂಬಕ್ಕೆ "ಮುಂದೆ ಹೋಗಿ" ಎಂದರಂತೆ. ನನ್ನ ಪಾಲಿಗೆ ಬಂದದ್ದು ಕ್ಷೌರಿಕ.

"ಮೇಷ್ಟ್ರೇ, ಅಲ್ಲಾಡ್ಬೇಡಿ."

"ನಾನೆಲ್ಲಿ ಅಲ್ಲಾಡ್ತಿದ್ದೀನಿ? ನೀನು ಅಲ್ಲಾಡ್ತಿದ್ದೀಯ."

"ನಾನಲ್ಲ ಮೇಷ್ಟ್ರೇ, ಗೋಡೆ."

ಅಷ್ಟರಲ್ಲಿ ನನ್ನ ಮೀಸೆಯ ಎಡಭಾಗ ನೆಲದ ಮೇಲಿತ್ತು. ಸಮಾನತೆಯ ತತ್ತ್ವಕ್ಕೆ ಬದ್ಧನಾದ ನಾನು ಬಲಭಾಗವನ್ನೂ ತೆಗೆಸಿದೆ. ಪಕ್ಕದ ಕುರ್ಚಿಯಲ್ಲಿ ಸಂಜೆಪತ್ರಿಕೆಯ ವರದಿಗಾರ ಕುಳಿತಿದ್ದ. "ಈ ಗಾಜು ಎಲ್ಲಿದು?" ಎಂದು ಕೇಳಿದ. ಕ್ಷೌರಿಕ ಸುಳ್ಳು ಹೇಳುವವನಲ್ಲ, ಆಚೆಯದು ಎಂದ. ವರದಿಗಾರ ಅರ್ಧ ಗಡ್ಡದಲ್ಲೇ ಎದ್ದು ಹೊರಟ.

ಮರುದಿನ ಬೆಳಿಗ್ಗೆ ಹತ್ತಕ್ಕೇ ಅಂಗಡಿಗಳ ಮುಂದೆ ಪತ್ರಿಕೆಯ ಜಾಹೀರು ಹಾಳೆ ನೇತಾಡುತ್ತಿತ್ತು: "ಗಡಿಯಾಚೆಯಿಂದ ಕುರುಡುತನ! ಶತ್ರುವಿನ ಹೊಸ ಅಸ್ತ್ರ! ಇಂದು ಸಂಜೆ ಓದಿ." ಓದುವ ಮುಂಚೆಯೇ ನೀವು ನಂಬಿದ್ದು ಆ ಹಾಳೆಯನ್ನು. ಸಂಜೆ ಆ ಸುದ್ದಿ ಅಚ್ಚಾಗಿ ಹೊರಬಂದರೆ ವ್ಯಾನಿಗೆ ಗೇಟು ಮುಚ್ಚುವುದು ಖಚಿತ. ಮತ್ತು ಆ ಪುಟದ ಕರಡು ಹೋಗಿ ಬಿದ್ದದ್ದು ಯಾರ ಮೇಜಿನ ಮೇಲೆ? ನನ್ನ ತಂಗಿಯ ಮೇಜಿನ ಮೇಲೆ. ಅವಳೂ ಆ ಹನ್ನೊಂದು ಮಂದಿಯಲ್ಲಿ ಒಬ್ಬಳು. ಹೊಸ ಕನ್ನಡಕದಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಎರಡು ದಿನದಿಂದ ಯಾರಿಗೂ ಹೇಳದೆ, ಒಂದು ಕಣ್ಣು ಮುಚ್ಚಿ ತಿದ್ದುತ್ತಿದ್ದಳು.

ಅವಳ ಮೇಜು ಅಚ್ಚುಮನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕ. ಕೆಳಗೆ ಯಂತ್ರ ಉಸಿರು ಬಿಟ್ಟರೆ ಮೇಲಿನ ಮಸಿಬುಡ್ಡಿ ನಡುಗುತ್ತದೆ. ಹನ್ನೆರಡರ ಸುಮಾರಿಗೆ ಅವಳು ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಾಗ ಸಂಪಾದಕರು ಮೆಟ್ಟಿಲ ಬುಡದಿಂದ "ಮೊದಲನೇ ಪುಟ ಎಲ್ಲಮ್ಮಾ?" ಎಂದು ಕೂಗಿದರು. ಗಾಬರಿಯಲ್ಲಿ ಕೈಗೆ ಸಿಕ್ಕ ಹಾಗೆ ಕನ್ನಡಕ ಏರಿಸಿಕೊಂಡಳು. ಅದು ಮೇಲುಕೆಳಗಾಗಿತ್ತು: ಕಡ್ಡಿಗಳ ಬಾಗಿದ ತುದಿಗಳು ಕಿವಿಯ ಹಿಂದೆ ಇಳಿಯದೆ ತಲೆಯ ಎರಡೂ ಕಡೆ ಕೊಂಬಿನಂತೆ ನಿಂತವು. ಜಾರದಂತೆ ಕೈಯಲ್ಲಿ ಹಿಡಿದು ತೆಗೆಯಲು ಹೋದವಳು ಹಾಗೆಯೇ ನಿಂತುಬಿಟ್ಟಳು. ಕರಡಿನ ಅಕ್ಷರಗಳೆಲ್ಲ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಒತ್ತಕ್ಷರ, ದೀರ್ಘ, ಚುಕ್ಕಿ, ಎಲ್ಲವೂ ತಂತಮ್ಮ ಜಾಗದಲ್ಲಿ.

ಅವಳು ಕರಡು ಮಡಚಿ ಕಂಕುಳಲ್ಲಿಟ್ಟುಕೊಂಡು, ಕನ್ನಡಕವನ್ನು ಹಾಗೆಯೇ ಹಿಡಿದು, ನಡುಹಗಲಿನಲ್ಲಿ ಬೀದಿ ದಾಟಿ ಕನ್ನಡಕದಣ್ಣನ ಅಂಗಡಿಗೆ ಬಂದಳು. ನಾನೂ ಕ್ಷೌರಿಕನೂ ಅಲ್ಲೇ ತಲೆ ಕೆಳಗೆ ಹಾಕಿ ಕುಳಿತಿದ್ದೆವು.

"ಅಕ್ಕಾ, ಕನ್ನಡಕ ಉಲ್ಟಾ ಆಗಿದೆ," ಎಂದ ಕನ್ನಡಕದಣ್ಣ.

"ಗೊತ್ತು ಮಾರಾಯ. ಹೀಗೆ ಹಾಕಿದ್ರೇ ಕಾಣೋದು. ನೆಟ್ಟಗೆ ಹಾಕಿದ್ರೆ ಕಾಣಲ್ಲ. ಯಾಕೆ ಹೇಳು."

ಅವನು ಅವಳ ಮುಖವನ್ನೇ ನೋಡಿದ. ಸ್ಟೂಲಿನ ಮೇಲೆ ಕುಳಿತು ಒಂದು ಸುತ್ತು ಗಿರಕಿ ಹೊಡೆದ. "ತಿರುವಿ ಹಾಕಿದ್ರೆ... ಎಡಗಡೆ ಗಾಜು ಬಲಕ್ಕೆ ಹೋಗುತ್ತೆ, ಬಲಗಡೇದು ಎಡಕ್ಕೆ ಬರುತ್ತೆ." ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗೆ! ಗಾಜು ಸರಿಯಾಗೇ ಇದೆ ಕಣಕ್ಕಾ, ಬೇರೆ ಕಣ್ಣಿಗೆ ಕೂತಿದೆ!"

ಕ್ಷೌರಿಕ ತನ್ನದನ್ನೂ ತಿರುವಿ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ, ಬಳಿಕ ನನ್ನತ್ತ ತಿರುಗಿ, "ಈಗ ನಿಮ್ಮ ಮೀಸೆ ಚೆನ್ನಾಗಿ ಕಾಣ್ತಿದೆ ಮೇಷ್ಟ್ರೇ. ಅಂದ್ರೆ, ಇಲ್ಲ ಅಂತ ಚೆನ್ನಾಗಿ ಕಾಣ್ತಿದೆ" ಎಂದ.

ಗಡಿಯಾಚೆಗೆ ಫೋನು ಮಾಡುವುದು ಅಪರಾಧವಲ್ಲ. ಆದರೆ ನಡುವೆ ಎರಡೂ ಸರ್ಕಾರದವರು ಕಿವಿಗೊಟ್ಟು ಕುಳಿತಿರುತ್ತಾರೆ ಎಂದು ಎಲ್ಲರೂ ನಂಬಿರುವುದರಿಂದ ಯಾರೂ ಮಾಡುವುದಿಲ್ಲ. ಕನ್ನಡಕದಣ್ಣ ಮಾಡಿದ. ಭಾಷೆ ನಮ್ಮದೇ, ರಾಗ ಮಾತ್ರ ಬೇರೆ. ಗಾಜಮ್ಮನ ದನಿ ಅಂಗಡಿಯ ತುಂಬ ಕೇಳಿಸಿತು.

"ಮೇಲಿನ ಸಾಲನ್ನ ಬಲಗಣ್ಣಿಗೇ ಹಾಕಿದೀನಪ್ಪ. ನಿಮ್ಮ ಕಡೆ ಬಲ ತಾನೇ ಮೇಲೆ? ನಿಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟು ಹಾಗೇ ಓದಿದೆ."

"ಅಮ್ಮಾ, ನಾನು ನಿಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟು ಎಡಗಣ್ಣನ್ನ ಮೇಲೆ ಬರೆದಿದ್ದೆ!"

ಆಮೇಲೆ ಜಗಳ ಶುರುವಾಯಿತು.

"ನಿಮಗ್ಯಾರು ಹೇಳಿದ್ದು ನಮ್ಮ ಹಾಗೆ ಬರೀರಿ ಅಂತ? ತಪ್ಪು ನಂದು, ಒಂದು ಮಾತು ಕೇಳ್ಬೇಕಿತ್ತು."

"ನಿಮ್ದು ಹೇಗಾಗುತ್ತೆ? ಎಡ, ಬಲ ಅಂತ ಎರಡಕ್ಷರ ಬರೆಯೋಕೆ ನನಗೇನು ದಾಡಿ? ತಪ್ಪು ನಂದೇ."

"ನಾನು ನಿನಗಿಂತ ದೊಡ್ಡೋಳು, ನಂದು ಅಂದ್ರೆ ನಂದು. ಎದುರು ಮಾತಾಡ್ಬೇಡ."

ಆಗ ಫೋನಿನೊಳಗೆ ಮೂರನೆಯ ಯಾರೋ ಕಿಸಕ್ಕನೆ ನಕ್ಕು, ಕೂಡಲೆ ಕೆಮ್ಮಿ ಮುಚ್ಚಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ಯಾವ ಸರ್ಕಾರದವನೋ ತಿಳಿಯದು. ಗಾಜಮ್ಮ ಗದರಿದಳು: "ನಗ್ಬೇಡಪ್ಪ, ಬರ್ಕೋ. ಸರಿಯಾಗಿ ಬರ್ಕೋ!"

ಅಷ್ಟು ಹೊತ್ತಿಗೆ ಕನ್ನಡಕದಣ್ಣ ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ತಂಗಿಯ ಕನ್ನಡಕದ ಎರಡು ತಿರುಪು ಸಡಿಲಿಸಿ, ಗುಂಡು ಗಾಜುಗಳನ್ನು ಅದಲುಬದಲು ಮಾಡಿ, ಕೋನ ನೋಡಿ ಬಿಗಿದಿದ್ದ. ನಾಲ್ಕೇ ನಿಮಿಷ. ಒಂದು ದೇಶ ಇನ್ನೊಂದರ ಮೇಲೆ ಹೂಡಿತೆನ್ನಲಾದ ಅಸ್ತ್ರವನ್ನು ನಿಷ್ಕ್ರಿಯಗೊಳಿಸಲು ಬೇಕಾದ ಸಮಯ ಅಷ್ಟೇ.

ಸಂಜೆಪತ್ರಿಕೆಯ ಮೊದಲ ಪುಟ ಯಂತ್ರಕ್ಕೆ ಹೋಗುವುದು ಎರಡು ಗಂಟೆಗೆ. ನಾವು ನಾಲ್ವರೂ ಅಚ್ಚುಮನೆ ಸೇರಿದಾಗ ಒಂದೂವರೆ ದಾಟಿತ್ತು. ಅಲ್ಲಿ ಒಂದು ನಿಯಮವಿದೆ. ಸ್ಥಾಪಕರ ಕಾಲದ್ದು, ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ: ಕರಡು ತಿದ್ದಿದವರ ಸಹಿಯಿಲ್ಲದ ಪುಟವನ್ನು ಯಂತ್ರಕ್ಕೆ ಏರಿಸತಕ್ಕದ್ದಲ್ಲ.

"ನಾನು ಇದಕ್ಕೆ ಸಹಿ ಹಾಕಲ್ಲ," ಎಂದಳು ತಂಗಿ.

ಸಂಪಾದಕರು ನಕ್ಕರು. "ಯಾಕೆ, ಕಾಣ್ತಿಲ್ವಾ? ಅದೇ ತಾನೇ ಸುದ್ದಿ!"

"ಕಾಣ್ತಿದೆ ಸಾರ್. ಅದಕ್ಕೇ ಹಾಕಲ್ಲ." ಅವಳು ಕರಡು ಹರಡಿ ಕೆಂಪು ಪೆನ್ನು ಇಟ್ಟು ಓದಿದಳು. "ನಲವತ್ತು ಕನ್ನಡಕ ಅನ್ನೋದು ನಾನ್ನೂರು ಆಗಿದೆ. ಹನ್ನೊಂದು ಜನರ ದೂರು ನೂರಹತ್ತಾಗಿದೆ. ಎಂಟನೇ ಸಾಲಿನಲ್ಲಿ ಕುರುಡಾದ ಕ್ಷೌರಿಕ ಇಲ್ಲೇ ನಿಂತಿದ್ದಾನೆ. ಹನ್ನೆರಡನೇ ಸಾಲಿನಲ್ಲಿ 'ತಜ್ಞರ ಪ್ರಕಾರ' ಅಂತಿದೆ. ಊರಲ್ಲಿರೋ ಒಬ್ಬನೇ ತಜ್ಞ ಇವನು, ಇವನನ್ನ ಯಾರೂ ಕೇಳಿಲ್ಲ. ಕೊನೇ ಸಾಲಿಗೆ ಪೂರ್ಣವಿರಾಮ ಇಲ್ಲ." ಎರಡೇ ಮಾತಿನಲ್ಲಿ ನಡೆದದ್ದನ್ನೂ ಹೇಳಿದಳು.

"ನೋಡಮ್ಮಾ," ಸಂಪಾದಕರ ನಗು ಇಳಿದಿತ್ತು, "ಬೆಳಿಗ್ಗೆಯಿಂದ ಹಾಳೆ ನೇತುಹಾಕಿದೀವಿ. ಊರೆಲ್ಲ ಕಾಯ್ತಿದೆ. ಸಹಿ ಹಾಕು, ಇಲ್ಲಾ ಮನೆಗೆ ನಡಿ."

ತಂಗಿಯ ಕಣ್ಣ ಮುಂದೆ ಇಬ್ಬರು ಮಕ್ಕಳು ನಿಂತಿದ್ದರೆಂದು ನಾನು ಬಲ್ಲೆ. ನನ್ನ ಕಣ್ಣ ಮುಂದೆಯೂ ನಿಂತಿದ್ದರು. ಹಾಕಿಬಿಡು ಎಂಬ ಮಾತು, ಹೇಳಲು ನಾಚಿಕೆಯಾಗುತ್ತದೆ, ನನ್ನ ನಾಲಗೆಯ ತುದಿಯ ತನಕ ಬಂದಿತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಮನೆಗೆ ಹೋಗ್ತೀನಿ ಸಾರ್. ತಪ್ಪು ಕಾಣದೇ ಇದ್ದಾಗ ಬಿಟ್ಟಿದ್ದು ನನ್ನ ಕಣ್ಣಿನ ತಪ್ಪು. ಕಂಡ್ಮೇಲೆ ಬಿಟ್ರೆ ನನ್ನ ತಪ್ಪು."

ಸಂಪಾದಕರು ಕರಡನ್ನು ಕಸಿದು ಕೆಳಗಿಳಿದರು. ಯಂತ್ರದ ಮುಂದೆ ನಿಂತಿದ್ದ ಮುದುಕ ಯಂತ್ರದವನು ಹಾಳೆಯ ಮೂಲೆ ನೋಡಿ, ಗೋಡೆಯ ಮೇಲಿನ ಕಟ್ಟು ನೋಡಿ, ಎಣ್ಣೆಯ ಕೈ ಕಟ್ಟಿಕೊಂಡ. "ಸಹಿ ಇಲ್ಲ ಸ್ವಾಮಿ."

"ನಾನು ಹೇಳ್ತಿದೀನಲ್ಲಯ್ಯ!"

"ನಿಮ್ಮಪ್ಪನೋರು ಹೇಳಿದ್ದು ಮೊದ್ಲು ಸ್ವಾಮಿ. ಅವ್ರು ಬರೆದೂ ಇಟ್ಟಿದಾರೆ."

ಗಂಟೆ ಎರಡಾಗಲು ಹನ್ನೆರಡು ನಿಮಿಷ. ಸಂಪಾದಕರು ಮೇಲೆ ನೋಡಿದರು, ಕೆಳಗೆ ನೋಡಿದರು, ಕೊನೆಗೆ ಬಾಯಿಬಿಟ್ಟರು. ಅವರನ್ನು ಇಷ್ಟು ಹೊತ್ತು ಕಾಡಿದ್ದು ದೇಶವಲ್ಲ, ಶತ್ರುವಲ್ಲ: "ಈಗ ಆ ಜಾಗಕ್ಕೆ ಏನು ಹಾಕ್ಲಮ್ಮಾ?"

"ಸತ್ಯ ಹಾಕಿ."

"ಸತ್ಯ ಎರಡಿಂಚು ಇದೆ. ಜಾಗ ಹತ್ತಿಂಚು!"

ಯಾರೋ ಫಕ್ಕನೆ ನಕ್ಕರು, ಬಹುಶಃ ಯಂತ್ರದವನು. ಆಮೇಲೆ ಎಲ್ಲರೂ ನಕ್ಕೆವು. ಸಂಪಾದಕರೂ ತಡೆಯಲಾರದೆ, ಕೋಪದ ಮುಖದಲ್ಲೇ ನಕ್ಕರು. ಮೊದಲ ಪುಟದಲ್ಲಿ ಯಾರದೋ ಹಿತ್ತಲಲ್ಲಿ ಬೆಳೆದ ಭಾರಿ ಕುಂಬಳಕಾಯಿಯ ಚಿತ್ರ ಬಂತು. ನಡೆದ ಸಂಗತಿ ಮೂರನೆಯ ಪುಟದ ಕೆಳಮೂಲೆಯಲ್ಲಿ ಎರಡಿಂಚು ಬಂತು; ಅದರಲ್ಲಿ ಒಂದೂ ತಪ್ಪಿರಲಿಲ್ಲ. ಎರಡೂ ಪುಟಕ್ಕೆ ತಂಗಿ ಸಹಿ ಹಾಕಿದಳು. ಅವಳು ಚೀಲ ಎತ್ತಿಕೊಳ್ಳುವಾಗ ಸಂಪಾದಕರು ಬೇರೆ ಕಡೆ ನೋಡುತ್ತ, "ನಾಳೆ ಒಂಬತ್ತಕ್ಕೇ ಬಾಮ್ಮ, ಪುರವಣಿ ಇದೆ" ಎಂದರು.

ಆ ಸಂಜೆಯೊಳಗೆ ಉಳಿದ ಕನ್ನಡಕಗಳ ಗಾಜುಗಳೂ ತಂತಮ್ಮ ಕಣ್ಣಿಗೆ ಮರಳಿದವು. ಸುಖವಾಗಿದ್ದ ಇಪ್ಪತ್ತೊಂಬತ್ತು ಮಂದಿ, "ಇನ್ನೂ ಚೆನ್ನಾಗಿ ಕಾಣೋಕೆ ಸಾಧ್ಯ ಇತ್ತಾ!" ಎಂದು ದೂರಿದರು. ಆದರೆ ನೀವು? ನೇತುಹಾಕಿದ ಹಾಳೆಯನ್ನು ಬೀದಿಯಲ್ಲಿ ನಿಂತು ಓದಿದವರು ಸಾವಿರ. ಮೂರನೆಯ ಪುಟದ ಮೂಲೆಗೆ ಬೆರಳಿಟ್ಟವರು ಎಷ್ಟು? ಈಗಲೂ ನಮ್ಮ ಬೀದಿಯಲ್ಲಿ "ಕಣ್ಣು ಕೆಡಿಸಿದ್ರಂತೆ" ಎನ್ನುವವರಿದ್ದಾರೆ. ಸುಳ್ಳು ಊರು ಸುತ್ತಿ ಬರುವಾಗ ಸತ್ಯ ಇನ್ನೂ ಚಪ್ಪಲಿ ಹುಡುಕುತ್ತಿರುತ್ತದೆ. ಆ ಚಪ್ಪಲಿಯನ್ನು ಬಚ್ಚಿಟ್ಟವರು ಶತ್ರುಗಳಲ್ಲ. ವಿಚಾರಿಸದೆ ತಲೆಯಾಡಿಸಿದ ನೀವು, ನಾವು.

ಗಾಜಮ್ಮ ಮರುವಾರ ಫೋನು ಮಾಡಿದಳು. ತಪ್ಪು ಯಾರದೆಂಬ ಜಗಳ ಫೋನಿನಲ್ಲಿ ಮುಗಿಯುವಂಥದಲ್ಲ, ಎದುರುಬದುರು ಕುಳಿತೇ ತೀರ್ಮಾನವಾಗಬೇಕು ಎಂದಳು. ತಾನೂ ಕಾರ್ಖಾನೆಯ ಐವರೂ ಎರಡು ದಿನಕ್ಕೆ ಇಲ್ಲಿಗೆ ಬರುತ್ತಾರಂತೆ. ಅಧಿಕಾರಿಯ ಬಳಿಗೆ ಹೋದೆ. ಈ ಸಲ ಒಂದೇ ಅರ್ಜಿಗೆ ಒಪ್ಪಿದ. ಆದರೆ ಆಚೆಯಿಂದ ಬರುವ ಪ್ರತಿಯೊಬ್ಬರನ್ನೂ ಇಲ್ಲಿಯ ಒಂದು ಮನೆಯವರು ತಮ್ಮ ಅತಿಥಿಯೆಂದು ಬರೆದುಕೊಡಬೇಕು. ಒಂದು ಮನೆಗೆ ಒಬ್ಬರೇ. ನನ್ನ ಮನೆ, ತಂಗಿಯ ಮನೆ, ಕನ್ನಡಕದಣ್ಣನದು, ಕ್ಷೌರಿಕನದು: ನಾಲ್ಕಾಯಿತು. ಇನ್ನೆರಡು ಮನೆ ಬೇಕು.

ನಿಮ್ಮ ಮನೆಯಲ್ಲಿ ಒಂದು ಮಂಚ, ಒಂದು ಹೊದಿಕೆ, ಬೆಳಿಗ್ಗೆ ಒಂದು ಲೋಟ ಬಿಸಿನೀರು ಇದ್ದರೆ ಸಾಕು. ಬರುವ ಗುರುವಾರ ಮಧ್ಯಾಹ್ನದ ಒಳಗೆ ಕನ್ನಡಕದ ಅಂಗಡಿಗೆ ಬನ್ನಿ. ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕವಿದೆ, ನಿಮ್ಮ ಮನೆಯ ಸಂಖ್ಯೆ ಬರೆದು ಹೋಗಿ.